ಐದನೆಯ ಮನೆಯ ಚಿತ್ರ

ಆ ಚಿತ್ರದಲ್ಲಿ ಹುಡುಗಿಯೊಬ್ಬಳು ಹೊಸ್ತಿಲ ಹೊರಗೆ ನಿಂತು ಬಿದಿರಿನ ಬುಟ್ಟಿ ಚಾಚಿದ್ದಾಳೆ. ಹುಬ್ಬಿನ ಮೇಲೊಂದು ಕಲೆ. ಕೂದಲು ಕಟ್ಟಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ, ಫ್ರಾಕಿನ ತೋಳು ಹರಿದಿದೆ. ಬಾಗಿಲ ಕತ್ತಲೆಯಿಂದ ಬಳೆ ತೊಟ್ಟ ಕೈಯೊಂದು ಬಂದು ಜೋಳ ಸುರಿಯುತ್ತಿದೆ. ಕೆಳಗೆ ಮರಾಠಿಯಲ್ಲಿ ಒಂದೇ ಮಾತು: ಹಸಿವು.

ಹುಡುಗಿ ನಾನು. ಕೈ ನನ್ನ ಕಾಕುವಿನದು, ಚಿಕ್ಕಪ್ಪನ ಹೆಂಡತಿಯದು.

ನನಗಾಗ ಒಂಬತ್ತು ವರ್ಷ. ಟೈಫಾಯ್ಡ್ ಬಂದು ಮಲಗಿದ್ದಾಗ ಕರಜಗಿಯ ಅಜ್ಜಿ ದೇವಿಗೆ ಹರಕೆ ಹೊತ್ತಿದ್ದಳು: ಹುಡುಗಿ ಎದ್ದರೆ ಐದು ಮನೆ ಜೋಗವಾ ಬೇಡಿಸುತ್ತೇನೆ. ದೇವಿಯ ಹೆಸರಲ್ಲಿ ಮನೆಮನೆ ಭಿಕ್ಷೆ ಬೇಡುವ ಈ ಹರಕೆಯನ್ನು ನಮ್ಮ ಕಡೆ ಉಳ್ಳವರೂ ಹೊರುತ್ತಾರೆ. ಬೇಡಿ ತಂದದ್ದನ್ನು ಅಡಿಗೆ ಮಾಡಿ ನೈವೇದ್ಯ ಕೊಡುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಅಪ್ಪ ಸೊಲ್ಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಅವ್ವ ನನಗೆ ಹೊಸ ಫ್ರಾಕನ್ನೇ ತೊಡಿಸಿ ಕರಜಗಿಗೆ ಕರೆದೊಯ್ದಿದ್ದಳು. ಅಜ್ಜಿ ಅದನ್ನು ಬಿಚ್ಚಿಸಿ, ಕಾಕುವಿನ ಮಗಳು ಹೊಲಕ್ಕೆ ಹಾಕಿಕೊಳ್ಳುತ್ತಿದ್ದ ಹಳೆಯದನ್ನು ಹಾಕಿದಳು.

"ಬೇಡಾಕ ಹೊಂಟಾಳ, ಬೀಗರ ಮನಿಗಲ್ಲ," ಅಂದಳು.

ಐದನೆಯ ಮನೆ ಕಾಕುವಿನದು. ಅಲ್ಲಿ ಓಣಿಯ ಆಚೆ ಕ್ಯಾಮೆರಾ ಹಿಡಿದವರೊಬ್ಬರು ನಿಂತಿದ್ದರು. ನಮ್ಮವರು ಬೇಡ ಅನ್ನಲಿಲ್ಲ. ಅವರೂ ಏನನ್ನೂ ಕೇಳಲಿಲ್ಲ.

ಅವರು ಬಡವರ ಬದುಕನ್ನೇ ಜೀವಮಾನವಿಡೀ ಚಿತ್ರಿಸಿದ ದೊಡ್ಡ ಛಾಯಾಗ್ರಾಹಕರೆಂದು ನನಗೆ ತಿಳಿದದ್ದು ಎಂ.ಎ. ತರಗತಿಯಲ್ಲಿ, ಗೋಡೆಯ ಪರದೆಯ ಮೇಲೆ ನಾನೇ ಮೂಡಿದಾಗ. ಕೊಡುವವಳ ಮುಖ ಕಾಣದಿರುವುದೇ ಇದರ ಶಕ್ತಿ, ಉಳ್ಳವರ ನಿರ್ದಯತೆಗೆ ಮುಖವಿಲ್ಲ ಎಂದು ಸರ್ ವಿವರಿಸಿದರು. ನಿಜವೆಂದರೆ ಕಾಕು ಆ ದಿನ ನನ್ನ ವೇಷ ನೋಡಿ ನಗು ತಡೆಯಲಾರದೆ ಬಾಗಿಲ ಹಿಂದೆ ಸರಿದಿದ್ದಳು. ಸರ್ ಹೇಳಿದ್ದನ್ನು ನಾನು ವಹಿಯಲ್ಲಿ ಬರೆದುಕೊಂಡೆ. ಪರೀಕ್ಷೆಯಲ್ಲೂ ಅದನ್ನೇ ಬರೆದೆ.

ಮನೆಯಲ್ಲಿ ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಆಕಿ ನೀನ ಅಂತ ಎಲ್ಲೂ ಬಾಯಿ ಬಿಡಬ್ಯಾಡ. ಹರಕಿ ಅಂದ್ರ ಯಾರು ನಂಬ್ತಾರ? ಬೇಡಿಸಿ ಬೆಳಸ್ಯಾರ ಅಂತಾರ. ನಾಳೆ ನಿನ್ನ ನೋಡಾಕ ಬಂದವ್ರಿಗೆ ಏನ್ ಹೇಳೂಣು?"

ನಾನು ಮಾತು ಕೊಟ್ಟೆ.

ಕಳೆದ ಚಳಿಗಾಲ ಆ ಛಾಯಾಗ್ರಾಹಕರ ಪ್ರದರ್ಶನ ಸೊಲ್ಲಾಪುರದ ವಿಜಾಪುರ ರಸ್ತೆಯ ಸಭಾಗೃಹಕ್ಕೆ ಬಂತು. ನಮ್ಮ ಮನೆಯಿಂದ ನಾಲ್ಕು ಹೆಜ್ಜೆ. ಬಾಗಿಲಲ್ಲೇ ಆ ಚಿತ್ರ, ನನಗಿಂತ ಎತ್ತರ. ಕೆಲಸಕ್ಕೆ ಹೋಗುವಾಗ, ಬರುವಾಗ ಅದರ ಮುಂದೆಯೇ ಹಾಯಬೇಕು. ಮೂರನೆಯ ದಿನ ಮಧ್ಯಾಹ್ನ ಒಳಗೆ ಹೋದೆ. ನನಗೆ ಬೇಕಿದ್ದದ್ದು ಇಷ್ಟೇ: ಹಸಿವು ಎಂಬ ಆ ಒಂದು ಮಾತನ್ನು ತೆಗೆಸುವುದು.

ಅವರು ಒಬ್ಬರೇ ಇದ್ದರು, ತುಂಬ ವಯಸ್ಸಾಗಿತ್ತು. ನನ್ನ ಹುಬ್ಬಿನ ಕಲೆಯನ್ನು ನೋಡಿದ ಕೂಡಲೇ ಎದ್ದು ನಿಂತರು. ಹರಕೆ, ಫ್ರಾಕು, ಕಾಕು, ಎಲ್ಲವನ್ನೂ ಮರಾಠಿಯಲ್ಲಿ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು, ಬರೆದುಕೊಂಡರು. ಇದನ್ನೆಲ್ಲ ಚಿತ್ರದ ಕೆಳಗೆ ಹಾಕಿಸುತ್ತೇನೆ, ನಿಮ್ಮ ಹೆಸರು ಕೊಡಿ ಎಂದರು. ಹೆಸರು ಕೊಡಲಾರೆ ಎಂದೆ. ಹೇಳಿದವರಿಲ್ಲದೆ ಹೇಗೆ ಬರೆಯಲಿ, ನಾನೇ ಕಟ್ಟಿದ ಕಥೆ ಅನ್ನುತ್ತಾರೆ ಎಂದರು. ಅದು ನ್ಯಾಯವೇ. ಹಾಗಾದರೆ ಹಸಿವು ಅನ್ನುವ ಆ ಮಾತನ್ನಾದರೂ ತೆಗೆಯಿರಿ ಎಂದೆ.

ಅವರು ಮೆಲ್ಲಗೆ ಕೇಳಿದರು: "ಆ ದಿನ ನೀವು ಉಂಡಿದ್ದಿರಾ?"

"ಇಲ್ಲ."

"ಹಸಿವಾಗಿತ್ತಾ?"

ಕಾಯಿಲೆಯಿಂದ ಎದ್ದ ಮೈ. ಬುಟ್ಟಿಯ ಜೋಳವನ್ನು ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳಬೇಕೆನಿಸಿದ್ದು ನನಗೆ ನೆನಪಿತ್ತು.

"ಆಗಿತ್ತು," ಎಂದೆ.

ಅವರು ಪೆನ್ನಿಗೆ ಟೊಪ್ಪಿಗೆ ಹಾಕಿದರು.

ಹೊರಬಂದಾಗ ಕಾಲೇಜಿನ ಹುಡುಗಿಯರಿಬ್ಬರು ಆ ಚಿತ್ರದ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಒಬ್ಬಳು ನನ್ನ ಕಡೆ ಕೈ ಮಾಡಿ, "ಅಕ್ಕಾ, ಜರಾ ಬಾಜೂಕ ಸರೀರಿ, ನೀವೂ ಫೋಟೊದಾಗ ಬರಾಕತ್ತೀರಿ," ಅಂದಳು.

ನಾನು ಸರಿದು ನಿಂತೆ.