ನಾಲ್ಕುನೂರ ಹನ್ನೆರಡರಲ್ಲಿ ಒಂದು ಸಾಲು ಕಡಿಮೆ

ಶಹಾಪುರದ ಒಂದು ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಸುರಪುರದ ಅಮಾತೆಪ್ಪ, ತನ್ನ ಪೆದ್ದುತನದ ಕಥೆಗಳನ್ನು ಬೇರೆಯವರ ಬಾಯಿಗೆ ಬಿಡುತ್ತಿರಲಿಲ್ಲ. ಅವರು ಅರ್ಧಂಬರ್ಧ ಹೇಳಿ ಕೆಡಿಸುತ್ತಾರೆಂದು ತಾನೇ ಹೇಳಿಕೊಳ್ಳುತ್ತಿದ್ದ. ಅವುಗಳಲ್ಲೆಲ್ಲ ಅವನಿಗೆ ಬಲು ಪ್ರೀತಿಯದು ಈ ಫೈಲಿನ ಕಥೆ.

ಯಾರ ಹೊಲಕ್ಕೆ ಯಾವತ್ತು ಕಾಲುವೆ ನೀರು ಎಂಬುದನ್ನು ಇಪ್ಪತ್ತು ವರ್ಷ ಅಮಾತೆಪ್ಪನ ರಿಜಿಸ್ಟರೇ ಹೇಳುತ್ತಿತ್ತು. ಆಮೇಲೆ ಸಾಫ್ಟ್‌ವೇರ್ ಬಂತು. ರೈತರ ಹೆಸರು, ಸರ್ವೆ ನಂಬರು ತುಂಬಿದ ಫೈಲು ಕಳಿಸಿದರೆ ನೀರಿನ ಪಾಳಿಯನ್ನು ಅದೇ ಬರೆದುಕೊಡುತ್ತಿತ್ತು. ಇದಕ್ಕೆಂದು ಅಮಾತೆಪ್ಪ ಗುಲಬರ್ಗಾದಲ್ಲಿ ಮೂರು ದಿನ ತರಬೇತಿ ಪಡೆದ. ಎರಡು ದಿನ ಊಟ ಚೆನ್ನಾಗಿತ್ತು, ಮೂರನೆಯ ದಿನ ಸರ್ಟಿಫಿಕೇಟು ಕೊಟ್ಟರು. ಅದಕ್ಕೆ ಕಟ್ಟು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿಕೊಂಡ.

ಮೊದಲ ಫೈಲು ಕಳಿಸಬೇಕಾಗಿದ್ದ ದಿನ ಕೊಂಕಲ್ಲಿನ ಮುದುಕಮ್ಮ ಬಂದು ಬೆಂಚಿನ ಮೇಲೆ ಕೂತಳು. ಅವಳ ಎರಡೆಕರೆ ಭತ್ತದ ತೆನೆ ಹಾಲುಗಟ್ಟುತ್ತಿತ್ತು. ನಾಲ್ಕು ಗಂಟೆಯೊಳಗೆ ಫೈಲು ಹೋಗದಿದ್ದರೆ ಆ ಕಡೆಯ ಪಾಳಿ ತಪ್ಪಿ, ಮತ್ತೆ ನೀರು ಬರುವುದು ಹನ್ನೆರಡು ದಿನಕ್ಕೆ. ಅಷ್ಟರಲ್ಲಿ ಕಾಳೆಲ್ಲ ಜೊಳ್ಳು.

“ಚಿಂತಿ ಮಾಡಬ್ಯಾಡ ಯವ್ವಾ, ಒಂದು ಗುಂಡಿ ಒತ್ತೋದೈತಿ, ಅಷ್ಟs,” ಎಂದು ಅಮಾತೆಪ್ಪ ಗುಂಡಿ ಒತ್ತಿದ.

‘ಫೈಲು ಅಪೂರ್ಣ. ಇರಬೇಕಾದ ಸಾಲು 412. ಬಂದದ್ದು 411.’

ಅಮಾತೆಪ್ಪ ಪರದೆಯ ಮೇಲೆ ಬೆರಳಿಟ್ಟು ಎಣಿಸಿದ. ಸರಿಯಾಗಿ ನಾಲ್ಕುನೂರ ಹನ್ನೆರಡು. ಮತ್ತೆ ಒತ್ತಿದ, ಮತ್ತೆ ಅಪೂರ್ಣ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದ. ವೈರು ಕಿತ್ತು, ಊದಿ, ಸಿಗಿಸಿದ. ಫೈಲಿಗೆ ‘ಫೈನಲ್’ ಎಂದು ಹೆಸರಿಟ್ಟ. ಆಮೇಲೆ ‘ಪಕ್ಕಾ ಫೈನಲ್’ ಎಂದಿಟ್ಟ. ಕೊನೆಗೆ ಎರಡು ಊದಿನಕಡ್ಡಿ ಹಚ್ಚಿದ.

ಪಕ್ಕದ ಮೇಜಿನ ರತ್ನಾಬಾಯಿ ಕೆಮ್ಮುತ್ತ, “ಅಮಾತೆಪ್ಪಣ್ಣ, ಗುಲಬರ್ಗಾದಾಗ ಇದನ್ನೂ ಕಲಿಸ್ಯಾರೇನು?” ಎಂದಳು.

“ಇದು ನನ್ನ ಸ್ವಂತದ್ದವ್ವಾ. ಇದಕ್ಕ ಸರ್ಟಿಫಿಕೇಟ್ ಇಲ್ಲ.”

ಮುದುಕಮ್ಮ ನಗಲಿಲ್ಲ. “ತಮ್ಮಾ, ಮೂರೂವರಿ ಆತು. ಬಿಟ್ಟುಹೋದ ಆ ಒಬ್ಬಾಕಿ ನಾನs ಏನು?”

ತರಬೇತಿ ಪಡೆದವನು ಫೋನು ಮಾಡಿ ಕೇಳುವುದೇ ಎಂದು ಅಮಾತೆಪ್ಪ ಅಷ್ಟು ಹೊತ್ತು ಬಿಗಿದುಕೊಂಡಿದ್ದ. ಈಗ ಬೆಂಗಳೂರಿನ ಸಹಾಯ ಕೇಂದ್ರಕ್ಕೆ ಫೋನು ಹಚ್ಚಿದ. ಆ ಕಡೆಯಿಂದ ಒಬ್ಬ ಹುಡುಗಿ ಮಾತಾಡಿದಳು.

“ಸಾರ್, ಕ್ರಮಸಂಖ್ಯೆ ಇರೋ ಕಾಲಂ ಮೇಲಿಂದ ಓದಿ.”

“ಬರಕೊಳ್ರಿ. ಲಾಭ, ಎರಡು, ಮೂರು, ನಾಕು…”

“ಒಂದ್ನಿಮಿಷ ಸಾರ್. ಒಂದು ಎಲ್ಲಿ?”

“ಹೇಳಿದೆನಲ್ರಿ. ಲಾಭ.”

“ಲಾಭ ಅಂದ್ರೆ?”

“ಲಾಭ ಅಂದ್ರ ಒಂದುರಿ! ರಾಶಿ ಅಳಿಯೋ ಮುಂದ ಮೊದಲನೇ ಸೇರಿಗೆ ಒಂದು ಅಂತಾರೇನ್ರಿ ಯಾರರ? ನಿಮ್ಮ ಕಡೆ ಅಂತಾರೇನು?”

“ಸಾರ್… ನೀವು ಅದನ್ನ ಟೈಪ್ ಮಾಡಿದೀರಾ?”

ಮಾಡಿದ್ದ. ಅಪ್ಪ ಕಣದಲ್ಲಿ ಜೋಳ ಅಳೆದದ್ದು ಹಾಗೆ, ಇಪ್ಪತ್ತು ವರ್ಷ ಇವನು ರಿಜಿಸ್ಟರು ಬರೆದದ್ದೂ ಹಾಗೆ. ಯಾವ ಸಾಹೇಬನೂ ಯಾಕೆಂದು ಕೇಳಿರಲಿಲ್ಲ. ಅಂಕಿ ಇರಬೇಕಾದಲ್ಲಿ ಅಕ್ಷರ ಕಂಡ ಸಾಫ್ಟ್‌ವೇರು ಆ ಸಾಲನ್ನೇ ಹೊರಗೆ ತಳ್ಳಿತ್ತು. ಆ ಸಾಲಿನಲ್ಲಿದ್ದದ್ದು ಮುದುಕಮ್ಮನ ಹೆಸರೇ. ಕಾಲುವೆಯ ತುದಿಯವರು ಮೊದಲು ಎಂಬ ನಿಯಮಕ್ಕೆ ಅವಳನ್ನು ಎಲ್ಲರಿಗಿಂತ ಮೇಲೆ ಬರೆದಿದ್ದ.

“ನಕ್ಕುಬಿಡ್ರಿ ಮೇಡಂ, ಹಿಡಕೋಬ್ಯಾಡ್ರಿ,” ಎಂದು ಫೋನು ಇಟ್ಟ.

‘ಲಾಭ’ವನ್ನು ಅಳಿಸಿದ. ಆದರೆ ಆ ಜಾಗದಲ್ಲಿ ಬರೀ ಒಂದು ಎಂದು ಹಾಕಿದರೆ ಅಪಶಕುನವೆಂದು ಬೆರಳು ಏಳಲಿಲ್ಲ. ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷ.

“ಯವ್ವಾ, ನಿನ್ನ ಹೆಸರಿನ ಮುಂದ ಒಂದು ಅಂತ ಬರಿಬೇಕಂತ. ಬೆಳಿ ಕಣಕ್ಕ ಬರೋ ಹೊತ್ತಿನಾಗ…”

“ಬರಿಯೋ ಮೂಳಾ! ನೀರs ಬರಲಿಲ್ಲಂದ್ರ ಅಳಿಯಾಕ ಏನೈತಿ ನನ್ನ ಕಣದಾಗ? ನಿನ್ನ ತೆಲಿ?”

ಅಮಾತೆಪ್ಪ ಒಂದು ಎಂದು ಬರೆದು ಒತ್ತಿದ. ‘ಫೈಲು ಪೂರ್ಣ’ ಎಂದು ಬಂತು. ಹಿಂದೆಯೇ ಪಾಳಿಯ ಪಟ್ಟಿಯೂ ಬಂತು, ಕೊಂಕಲ್ಲಿನ ಕಡೆಗೆ ನಾಳೆ ಬೆಳಗಿನಿಂದಲೇ ನೀರು.

“ಏನಾಗಿತ್ತಣ್ಣ ಕಂಪ್ಯೂಟರಿಗೆ?” ರತ್ನಾಬಾಯಿ ಕೇಳಿದಳು.

“ಅದಕ್ಕೇನೂ ಆಗಿರಲಿಲ್ಲ. ಅದರ ಮುಂದ ಕುಂತಾಂವಗs ಆಗಿತ್ತು,” ಎಂದು ಅಮಾತೆಪ್ಪ ಕಾಲುವೆಯ ಗೇಟು ಎತ್ತುವ ಅಂಬ್ರಪ್ಪನ ನಂಬರು ಒತ್ತತೊಡಗಿದ. ಅವನು ಫೋನು ಎತ್ತುವವರೆಗೂ ಮುದುಕಮ್ಮ ಬೆಂಚು ಬಿಟ್ಟು ಏಳಲಿಲ್ಲ.