ಒಂದೇ ಅಕ್ಷರ ಉಳಿದ ಕಲ್ಲು

ಕಜಕರ ನಾಡಿನ ಸಿರ್ ನದಿಯ ಜೊಂಡಿನ ಮೇಲೆ ಸೂರ್ಯ ತಲೆ ಎತ್ತುವ ಹೊತ್ತಿಗೆ ಕಲ್ಲುಕುಟಿಗ ಸಘಿನ್‌ತಾಯ್ ಕಾಮಿಸ್‌ಬೇಟ್ ಹಳ್ಳಿಯ ಹಳೆಯ ಖಬರಸ್ತಾನದಲ್ಲಿ ಮೊಣಕಾಲೂರಿ ಕೂತಿರುತ್ತಾರೆ. ಮೊದಲು ಸತ್ತವರಿಗಾಗಿ ದುವಾ, ಪ್ರಾರ್ಥನೆ ಮುಗಿಸಿ ಎರಡೂ ಅಂಗೈ ಮುಖಕ್ಕೆ ಸವರಿಕೊಳ್ಳುತ್ತಾರೆ. ಆಮೇಲೆ ಒದ್ದೆ ಕಂಬಳಿ ಚೂರಿನಿಂದ ಗೋರಿಕಲ್ಲನ್ನು ಒರೆಸಿ, ಕೆನ್ನೆಯನ್ನು ಹೆಚ್ಚುಕಡಿಮೆ ಕಲ್ಲಿಗೇ ತಾಗಿಸಿ ಕಾಯುತ್ತಾರೆ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಸವೆದ ಅಕ್ಷರಗಳಿಗೆ ನೆರಳು ಮೂಡುತ್ತದೆ.

"ಮುಕ್ಕಾಲು ಗಂಟೆ ಸಿಗುತ್ತೆ, ಅಷ್ಟೇ. ಬಿಸಿಲು ಏರಿತು ಅಂದ್ರೆ ಕಲ್ಲು ಬಾಯಿ ಮುಚ್ಕೊಳ್ಳುತ್ತೆ. ಮತ್ತೆ ಸಂಜೆಗೇ ಮಾತಾಡೋದು" ಎನ್ನುತ್ತಾರೆ ಎಪ್ಪತ್ನಾಲ್ಕರ ಸಘಿನ್‌ತಾಯ್.

ಸವೆದ ಹೆಸರುಗಳನ್ನು ಓದಿ ಮತ್ತೆ ಕೆತ್ತುವುದು ಅವರ ಕೆಲಸ. ಒಂದು ಚಾಣ, ಒಂದು ಸುತ್ತಿಗೆ. ಚೆನ್ನಾಗಿ ನಡೆದರೆ ದಿನಕ್ಕೆ ಆರು ಅಕ್ಷರ, ಗಾಳಿ ಎದ್ದರೆ ಎರಡು. ಮೊದಲ ಏಟಿಗೆ ಮುಂಚೆ ಸತ್ತವರ ಹೆಸರನ್ನು ಗಟ್ಟಿಯಾಗಿ ಕರೆಯುತ್ತಾರೆ. ಕರೆಯಲಾಗದ ಹೆಸರಿನ ಮೇಲೆ ಚಾಣ ಇಡುವುದಿಲ್ಲ.

ಕಜಕರ ಮಾತನ್ನು ಮೊದಲು ಅರಬಿ ಲಿಪಿಯಲ್ಲಿ ಬರೆಯುತ್ತಿದ್ದರು. 1929ರಿಂದ 1940ರವರೆಗೆ ಲ್ಯಾಟಿನ್, ಆಮೇಲೆ ರಷ್ಯನ್ ಲಿಪಿ. ನಡುವಿನ ಆ ಹನ್ನೊಂದು ವರ್ಷಗಳಲ್ಲಿ ಸತ್ತವರ ಕಲ್ಲುಗಳನ್ನು ಅವರ ಮೊಮ್ಮಕ್ಕಳು ಓದಲಾರರು. ಆ ಕಲ್ಲುಗಳ ಅಕ್ಷರಗಳ ನಡುವೆ ಲ್ಯಾಟಿನ್ನಿಗೂ ಹೊಸದಾದ ಒಂದು ಅಕ್ಷರವಿದೆ: ಒಂದು ಸೊನ್ನೆ, ಅದಕ್ಕೆ ಅಂಟಿದ ಕಡ್ಡಿ, ಕಡ್ಡಿಯ ತುದಿಗೆ ಇಳಿಬಿದ್ದ ಬಾಲ. ಗಂಟಲಾಳದಲ್ಲಿ ಉಜ್ಜಿಕೊಂಡು ಬರುವ 'ಘ'ಕಾರಕ್ಕೆಂದು ಅದನ್ನು ಮಾಡಿದ್ದರು. ಪತ್ರಿಕೆಗಳಲ್ಲಿ, ಮಕ್ಕಳ ಮೊದಲ ಪುಸ್ತಕದಲ್ಲಿ ಅದು ಇತ್ತು. ಉಜ್ಬೇಕರೂ ತಾತಾರರೂ ಬರೆದರು. ರಷ್ಯನ್ ಲಿಪಿ ಬಂದಾಗ ಅದರ ಜಾಗಕ್ಕೆ ಅಡ್ಡಗೆರೆಯ ಇನ್ನೊಂದು ಬಂತು. ಈಗ ಮತ್ತೆ ಲ್ಯಾಟಿನ್ ತರುವ ಮಾತಿದೆ, ಅದರಲ್ಲಿ ನೆತ್ತಿಯ ಮೇಲೆ ಬಾಗುಗೆರೆ ಹೊತ್ತ ಬೇರೊಂದು. ಧ್ವನಿ ಅದೇ, ಅಂಗಿ ಮಾತ್ರ ಬದಲಾಗುತ್ತಿದೆ. ಬಾಲದ ಅಕ್ಷರ ಈ ಊರಿನಲ್ಲಿ ಕಲ್ಲಿನ ಮೇಲಷ್ಟೇ ಉಳಿದಿದೆ.

ಸಘಿನ್‌ತಾಯ್‌ಗೆ ಅದನ್ನು ಕಲಿಸಿದವರು ತಾಯಿ ಕಾನ್‌ಶಾಯಿಮ್. ಹನ್ನೆರಡನೆಯ ವಯಸ್ಸಿಗೆ ಓದು ಕಲಿತವರು, ಲಿಪಿ ಬದಲಾದಾಗ ಇಪ್ಪತ್ತಕ್ಕೆ ಮತ್ತೆ ಅನಕ್ಷರಸ್ಥೆಯಾದರು. "ಒಂದ್ಸಲ ಕಣ್ಣು ಕೊಟ್ರು, ಒಂದ್ಸಲ ಕಿತ್ಕೊಂಡ್ರು. ಇನ್ನೊಂದ್ಸಲ ಕೇಳೋಕೆ ನಾನು ಹೋಗಲ್ಲ ಅಂತಿದ್ಲು." ರೊಟ್ಟಿ ಲಟ್ಟಿಸುವ ಹಲಗೆಯ ಮೇಲೆ ಹಿಟ್ಟು ಹರಡಿ, ಬೆರಳಿನಿಂದ ಬರೆದು ಮಗನಿಗೆ ಕಲಿಸಿದರು. ಪಟ್ಟಣದಲ್ಲಿ ಕೆಲಸಕ್ಕಿದ್ದಾಗ ಮಗ ಅದೇ ಲಿಪಿಯಲ್ಲಿ ಕಾಗದ ಬರೆಯುತ್ತಿದ್ದ.

"ನಾನು ಬರೆದದ್ದನ್ನ ಓದೋಳು ಅಮ್ಮ ಒಬ್ಳೇ ಇದ್ಲು" ಎಂದು ಸಮೋವಾರಿನಿಂದ ಚಹಾ ಬಗ್ಗಿಸುತ್ತಾರೆ. ಹೆಂಡತಿ ತೀರಿ ಆರು ವರ್ಷವಾದರೂ ಈಗಲೂ ಎರಡು ಬಟ್ಟಲು ಇಡುತ್ತಾರೆ. "ಈಗ ಬರೆದ್ರೆ ನಾನೇ ಓದ್ಕೋಬೇಕು. ಅದಕ್ಕೆ ಬರಿಯಲ್ಲ."

ಈ ಚಳಿಗಾಲ ಕೆಲಸಕ್ಕೆ ಗಡುವು ಬಿದ್ದಿದೆ. ನದಿ ದಂಡೆಯನ್ನು ತಿನ್ನುತ್ತಿದೆ. ಮಾರ್ಚಿನಲ್ಲಿ ಮಂಜುಗಡ್ಡೆ ಒಡೆದರೆ ಗೋರಿಗಳು ನೀರುಪಾಲು. ಸಂಬಂಧಿಕರು ಹಳ್ಳಿಯ ಕಚೇರಿಗೆ ಬಂದು ಸಹಿ ಹಾಕಿದರೆ ಮೂಳೆಗೂ ಕಲ್ಲಿಗೂ ಎತ್ತರದ ದಿಬ್ಬದಲ್ಲಿ ಸ್ವಂತ ಜಾಗ. ಯಾರೂ ಬಾರದಿದ್ದರೆ ಸಾಮೂಹಿಕ ಗುಂಡಿ. ಸಘಿನ್‌ತಾಯ್ ನಲವತ್ತು ಕಲ್ಲುಗಳ ಹೆಸರು ಓದಿ ಮಸೀದಿಯ ಬಾಗಿಲಿಗೆ ಅಂಟಿಸಿದರು. ನಲವತ್ತಕ್ಕೂ ಜನ ಬಂದರು. ನಲವತ್ತೊಂದನೆಯದರಲ್ಲಿ ಉಳಿದದ್ದು ನೆತ್ತಿಯಲ್ಲೊಂದು ಚಾವಟಿಯ ಗುರುತು, ಅಂದರೆ ಗಂಡಸು. ಮತ್ತೆ ಆ ಬಾಲದ ಅಕ್ಷರ. ಅದೊಂದೇ.

ಕಿಜಿಲೋರ್ದಾ ಪಟ್ಟಣದಿಂದ ನೂರಿಲಾ ಎಂಬ ನಿವೃತ್ತ ದಾದಿ ಆ ಕಲ್ಲನ್ನು ಹುಡುಕಿಕೊಂಡು ಬಂದಿದ್ದಾರೆ.

"ಅಘಾ," ಎಂದು ಅಣ್ಣನನ್ನು ಕರೆಯುವಂತೆ ಕರೆಯುತ್ತಾರೆ, "ತೊಘಾನ್‌ಬಾಯ್ ಅಂತ ಕೆತ್ತಿಬಿಡಿ. ನಮ್ಮಜ್ಜ ಈ ಊರಲ್ಲೇ ಸತ್ತದ್ದು. ಹೆಸರಲ್ಲಿ ಆ ಅಕ್ಷರಾನೂ ಇದೆ."

"ನನ್ನ ಹೆಸರಲ್ಲೂ ಇದೆ ತಂಗಿ. ಹಾಗಂತ ಒಳಗೆ ನಾನು ಮಲಗಿದೀನಾ?"

ನೂರಿಲಾಗೆ ನಗು ಬಂದು ಅಲ್ಲೇ ನಿಲ್ಲುತ್ತದೆ. "ಏಳು ತಲೆಮಾರಿನ ಹೆಸರು ಬಾಯಿಪಾಠ ಇದೆ. ನಿಂತು ದುವಾ ಮಾಡೋಕೆ ಒಂದು ಗೋರಿ ಇಲ್ಲ. ಇಷ್ಟು ಮಾಡಿದ್ರೆ ನಿಮ್ಮ ಕೈ ಸವೆದು ಹೋಗುತ್ತಾ?"

ಸಘಿನ್‌ತಾಯ್ ಚಾಣ ಕೆಳಗಿಡುತ್ತಾರೆ. ಕಸುಬಿಗೆ ಹೊಸಬರಾಗಿದ್ದಾಗ ಅವರು ಒಮ್ಮೆ ಹೀಗೇ ಕೆತ್ತಿಕೊಟ್ಟಿದ್ದರು. ಆ ಮನೆಯವರು ಹದಿನಾಲ್ಕು ವರ್ಷ, ಪ್ರತಿ ಶುಕ್ರವಾರ, ಬೇರೆ ಯಾರದೋ ಗೋರಿಯ ಮುಂದೆ ಏಳು ರೊಟ್ಟಿ ಕರಿದಿಟ್ಟರು. ಕರಿದ ಎಣ್ಣೆಯ ವಾಸನೆಯೇ ಸತ್ತವರಿಗೆ ಮುಟ್ಟುವ ಊಟ ಎಂದು ಇಲ್ಲಿಯ ನಂಬಿಕೆ. "ಆಮೇಲೆ ಇನ್ನೊಂದು ಕಲ್ಲು ಓದಿದಾಗ ಗೊತ್ತಾಯ್ತು, ಅವರ ಮನೆಯವನು ಇಪ್ಪತ್ತು ಹೆಜ್ಜೆ ಆಚೆ ಇದ್ದ. ಹದಿನಾಲ್ಕು ವರ್ಷ ಎಣ್ಣೆ ವಾಸನೆ ಅವನನ್ನ ದಾಟ್ಕೊಂಡು ಹೋಯ್ತು. ಆ ಕಲ್ಲನ್ನ ನಾನೇ ಉಜ್ಜಿ ಅಳಿಸಿದೆ. ಇನ್ನೊಮ್ಮೆ ಆಗಲ್ಲ ತಂಗಿ."

ನೂರಿಲಾ ಬಸ್ಸಿಗೆ ಹೋಗುತ್ತಾರೆ.

ಮರುದಿನ ಸಘಿನ್‌ತಾಯ್ ಕಚೇರಿಗೆ ಹೋಗಿ ಆ ಕಲ್ಲಿನ ಪರವಾಗಿ ತಾವೇ ಅರ್ಜಿ ಕೊಡುತ್ತಾರೆ. ಸಂಬಂಧ ಎಂಬಲ್ಲಿ 'ನೆರೆಯವನು' ಎಂದು ಬರೆಯುತ್ತಾರೆ.

"ಅಜ್ಜಾ, ನೆರೆಯವನು ಅನ್ನೋದು ಒಂದು ಸಂಬಂಧವಾ?" ಎಂದು ಗುಮಾಸ್ತ ಕೇಳುತ್ತಾನೆ.

"ನಲವತ್ತೈದು ವರ್ಷ ದಿನಾ ಬೆಳಗ್ಗೆ ಅವನ ಪಕ್ಕ ಕೂತಿದೀನಿ. ನಿನ್ನ ಷಡ್ಕ ನಿನ್ನ ಪಕ್ಕ ಎಷ್ಟು ದಿನ ಕೂತಿದಾನೆ?"

ಗುಮಾಸ್ತ ಮುದ್ರೆ ಒತ್ತುತ್ತಾನೆ.

ಫೆಬ್ರವರಿಯ ಒಂದು ಶುಕ್ರವಾರ. ಕಲ್ಲು ದಿಬ್ಬ ಏರಿದೆ. ಸಘಿನ್‌ತಾಯ್ ಆ ಒಂದೇ ಅಕ್ಷರವನ್ನು ಗಂಟಲಿನಿಂದ ಗಟ್ಟಿಯಾಗಿ ಕರೆದು, ಸೊನ್ನೆಯನ್ನೂ ಕಡ್ಡಿಯನ್ನೂ ಬಾಲವನ್ನೂ ಆಳವಾಗಿ ಕೆತ್ತುತ್ತಾರೆ. ಸುತ್ತಲಿನ ಜಾಗ ಖಾಲಿಯೇ ಬಿಡುತ್ತಾರೆ. ಕೆತ್ತಿ ಮುಗಿಸುವಾಗ ಕರಿದ ಎಣ್ಣೆಯ ವಾಸನೆ ಬರುತ್ತದೆ. ನೂರಿಲಾ ಬಟ್ಟೆಯಲ್ಲಿ ಏಳು ರೊಟ್ಟಿ ಸುತ್ತಿಕೊಂಡು ನಿಂತಿದ್ದಾರೆ.

"ನಮ್ಮಜ್ಜ ಅಲ್ಲದೇ ಇರಬಹುದು. ಆದ್ರೂ ಯಾರದೋ ತಂದೆ" ಎನ್ನುತ್ತಾರೆ. ರೊಟ್ಟಿ ಇಟ್ಟು, ಅಂಗೈ ಎತ್ತಿ, ತಡೆಯುತ್ತಾರೆ. "ಅಘಾ, ಹೆಸರೇ ಇಲ್ಲದವರನ್ನ ಏನಂತ ಕರೀಲಿ?"

ಸಘಿನ್‌ತಾಯ್ ಕಲ್ಲಿನ ಪುಡಿಯನ್ನು ಊದುತ್ತಾರೆ.

"ಈಗ ನನ್ನನ್ನ ಅಣ್ಣಾ ಅಂತ ಕರೆದೆಯಲ್ಲ, ಹಾಗೇ ಕರಿ. ಅಘಾ ಅನ್ನು. ಅವನ ಹೆಸರಲ್ಲಿ ಉಳಿದಿರೋ ಅಕ್ಷರ ಅದರಲ್ಲಿದೆ."