ಆರತಿ ಬೆಳಗಿದ ಗಾಜು

ಮಕ್ಕಳೇ ಸುಮಾ, ರಘು, ಕಣ್ಣಾರೆ ಕಂಡರೂ ಅರ್ಥವಾಗದ ಸಂಗತಿಗಳಿರುತ್ತವೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತಿರಲಿಲ್ಲ. ಅವರು ಸರಿಯಾಗಿ ನೋಡಿಲ್ಲ, ಅಷ್ಟೇ ಎಂದುಕೊಳ್ಳುತ್ತಿದ್ದೆ. ನನ್ನ ಓದು ಕೆರಗೋಡಿನ ಶಾಲೆಗೇ ಮುಗಿಯಿತು. ತಿಳಿದಷ್ಟು ಬರೆಯುತ್ತೇನೆ.

ಎಪ್ಪತ್ತರ ದಶಕದ ಮಾತು. ಆಗ ನಾವು ಹೊಳಲಿನಲ್ಲಿದ್ದೆವು. ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕತಾತ ಶಿವಣ್ಣ, ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ. ಒಂದು ಶನಿವಾರ ತನ್ನ ಅವ್ವನಿಗೆ, ಅಂದರೆ ನನ್ನ ಅತ್ತೆಗೆ, ತೋರಿಸಲೆಂದು ಎರಡು ಗಾಜಿನ ತುಂಡು ತಂದ. ಎರಡರ ಮೇಲೂ ಮಿಶ್ರಲೋಹದ ತೆಳು ಪೊರೆ, ಕನ್ನಡಿಯಂತೆ ಹೊಳೆಯುತ್ತಿತ್ತು. ಆರು ತಿಂಗಳ ದುಡಿಮೆಯಂತೆ. ಸೋಮವಾರ ಗುರುಗಳ ಮುಂದೆ ಒಂದನ್ನು ಕಾಯಿಸಿ, ಇನ್ನೊಂದನ್ನು ಹಾಗೆಯೇ ಇಟ್ಟು, ಎರಡನ್ನೂ ಹೋಲಿಸಿ ತೋರಿಸಬೇಕಿತ್ತು.

ಒಂದನ್ನು ದೇವರ ಗೂಡಿನಲ್ಲಿ ಒರಗಿಸಿದ. ಇನ್ನೊಂದನ್ನು ನಮ್ಮೆದುರೇ ತಗಡಿನ ಡಬ್ಬಿಯಲ್ಲಿಟ್ಟು ಚೀಲಕ್ಕೆ ಹಾಕಿದ. "ಮುಟ್ಬೇಡಿ ಅತ್ಗೆ, ಕೈ ಜಿಡ್ಡು ತಾಕ್ಬಾರ್ದು" ಎಂದು ಸ್ನಾನಕ್ಕೆ ಹೋದ.

"ಒಸಾ ವಸ್ತು ಬಂದದೆ, ಒಂದು ಆರತಿ ಬೆಳಗ್ಬುಡು ಕಣಮ್ಮ" ಎಂದರು ಅತ್ತೆ.

ಆರತಿಗೆ ಮುಟ್ಟುವುದೇನಿದೆ? ಕರ್ಪೂರ ಹಚ್ಚಿ ಬೆಳಗಿದೆ. ಉರಿ ವಾಲಿ ಗಾಜಿನ ಅಂಚಿಗೆ ತಾಕಿತು. ಆ ಅಂಚಿನಿಂದ ಒಂದು ಮಂಕು ಹೊರಟು, ರೆಪ್ಪೆ ಬಡಿಯುವಷ್ಟರಲ್ಲಿ ಹೊಳಪನ್ನೆಲ್ಲ ನುಂಗಿತು.

ಶಿವಣ್ಣ ಬಂದು ನೋಡಿ ಅಲ್ಲೇ ಕುಳಿತುಬಿಟ್ಟ. "ಇದ್ರೊಳಗೆ ಲೋಹದ ಕಣಗಳೆಲ್ಲಾ ಅಡ್ಡಾದಿಡ್ಡಿ ನಿಂತಿದ್ವು ಅತ್ಗೆ. ಬಿಸಿ ತಾಕಿದ್ರೆ ಸಾಲುಗೂಡಿ ಹರಳಾಗ್ತವೆ. ಒಂದ್ಕಡೆ ಸುರುವಾದ್ರೆ ತಾನೇ ಓಡ್ತದೆ. ಓಗ್ಲಿ, ಇನ್ನೊಂದದೆ."

ಡಬ್ಬಿ ತೆರೆದ. ಅದೂ ಮಂಕಾಗಿತ್ತು.

"ಎಲ್ಡಕ್ಕೂ ಬೆಳಗ್ಬುಟ್ರಾ?"

"ಒಂದಕ್ಕೇ ಕಣಪ್ಪ. ಆ ಚೀಲದ ತಾವ್ಕೇ ಓಗ್ಲಿಲ್ಲ."

"ನಿಮ್ಮತ್ಗೆ ಕೈಗೆ ಕರ್ಪೂರ ಕೊಟ್ರೆ ಬಚ್ಚಲೊಲೆಗೂ ಬೆಳಗ್ತಾಳೆ ಬುಡ್ಲಾ" ಎಂದರು ಅತ್ತೆ. ಶಿವಣ್ಣ ನಕ್ಕ. ನನ್ನ ಮಾತನ್ನು ನಂಬಲಿಲ್ಲ.

ಅವನ ಪದವಿ ಒಂದು ವರ್ಷ ತಡವಾಯಿತು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಆದರೆ ಬಿಸಿಯಿಲ್ಲದೆ ಅದು ಹಾಗಾಗುವುದಿಲ್ಲ, ಅತ್ತಿಗೆ ಎರಡಕ್ಕೂ ಬೆಳಗಿ, ಹೆದರಿ ಒಂದರ ವಿಷಯ ಮುಚ್ಚಿಟ್ಟರು ಎಂದೇ ಕೊನೆಯವರೆಗೂ ತಿಳಿದಿದ್ದ. ವಾದಿಸುವ ಸ್ವಭಾವ ನನ್ನದಲ್ಲ. ಅದೇ ಮಾತನ್ನು ಎಷ್ಟು ಸಲ ಕೇಳಿದೆನೆಂದರೆ, ಈಗೀಗ ಆ ಚೀಲ ಬಿಚ್ಚಿದ ನೆನಪೂ ಬಂದಂತಾಗುತ್ತದೆ. ಮರುಕ್ಷಣ, ಇಲ್ಲ, ಬಿಚ್ಚಲಿಲ್ಲ ಎನ್ನಿಸುತ್ತದೆ.

ಅತ್ತೆಯಿಲ್ಲ, ಶಿವಣ್ಣನೂ ಇಲ್ಲ. ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಮುಂದೊಂದು ದಿನ ನಾನೇ ಎರಡಕ್ಕೂ ಬೆಳಗಿದೆ ಎಂದುಬಿಡಬಹುದು. ಇವತ್ತು, ಬರೆಯುವಾಗ, ಒಂದಕ್ಕೇ ಎಂದಿದ್ದೇನೆ.